ಗುರುತು ಬೇರೆ, ಪರಿಚಯ ಬೇರೆ

ಗುಬ್ಬಿ ಹತ್ತಿರದ ನಮ್ಮೂರಲ್ಲಿ ಅಕ್ಕ ನಲವತ್ತು ವರ್ಷ ಅಡಿಕೆ ಸುಲಿದಿದ್ದಾಳೆ. ಸುಲಿದು ಸುಲಿದು ಅವಳ ಹೆಬ್ಬೆರಳು, ತೋರುಬೆರಳಿನ ತುದಿ ನುಣ್ಣಗಾಗಿವೆ. ಚೊಗರಿನ ಕಪ್ಪು ಉಗುರಿನ ಸಂದಿಯಲ್ಲಿ ಕೂತುಬಿಟ್ಟಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಥಂಬ್ ಕೊಡುವಾಗ ಬೆರಳನ್ನು ತಲೆಗೂದಲಿಗೆ ಉಜ್ಜಿ, ಸೆರಗಿಗೆ ಒರೆಸಿ, ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಅಕ್ಕಿ ಪಡೆಯುವುದು ಅವಳಿಗೆ ರೂಢಿಯಾಗಿದೆ. 2025ರ ಕೊನೆಯಲ್ಲಿ ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಾಗ, ವೀಸಾಕ್ಕಾಗಿ ಬೆಂಗಳೂರಿನಲ್ಲಿ ಹತ್ತೂ ಬೆರಳಿನ ಅಚ್ಚು ಕೊಡಬೇಕಾಯಿತು. ಗಾಜಿನ ಮೇಲಿಟ್ಟ ಬೆರಳು ಪರದೆಯಲ್ಲಿ ಗೆರೆಗಳಿಲ್ಲದ ಬರೀ ಮಸಿಯ ಬೊಟ್ಟಾಗಿ ಮೂಡಿತು. ಅಲ್ಲಿದ್ದ ಹುಡುಗಿ ಒದ್ದೆ ಕಾಗದದಲ್ಲಿ ಒರೆಸಿ, ತಾನೇ ಮೇಲಿಂದ ಒತ್ತಿ ಹಿಡಿದಳು. "ನನ್ ಬೆರಳು ಸವೆದೋಗವೆ ಕಣಮ್ಮ" ಎಂದು ಅಕ್ಕ ತಪ್ಪು ಮಾಡಿದವಳ ಹಾಗೆ ಹೇಳಿದಳು. ದುಡಿದ ಕೈ ಯಾಕೆ ಕ್ಷಮೆ ಕೇಳಬೇಕು? ಅವತ್ತಿನಿಂದ ನನ್ನನ್ನು ಬಿಡದ ಪ್ರಶ್ನೆ ಇದು.

'ಗುರುತು ಪರಿಚಯ ಇಲ್ಲದವರು' ಎನ್ನುತ್ತೇವೆ. ಎರಡು ಪದ ಒಟ್ಟೊಟ್ಟಿಗೇ ಬಂದು, ಎರಡೂ ಒಂದೇ ಅನ್ನಿಸಿಬಿಟ್ಟಿದೆ. ಆದರೆ ಗುರುತು ಬೇರೆ, ಪರಿಚಯ ಬೇರೆ. ನಿನ್ನೆ ಕಂಡವನೇ ಇವತ್ತು ಬಂದಿದ್ದಾನೆಯೇ ಎಂಬುದು ಗುರುತು. ಇವನು ಯಾರ ಪೈಕಿ, ಯಾಕೆ ಬಂದ, ಮೈಮೇಲೆ ಏನು ಕಷ್ಟ ಹೊತ್ತು ಬಂದ ಎಂಬುದು ಪರಿಚಯ. ಹಳೆಯ ಊರಿನ ತಳವಾರ ಎರಡನ್ನೂ ಮಾಡುತ್ತಿದ್ದ. ಹನ್ನೆರಡನೇ ಶತಮಾನದ ಶರಣರ ಸಾಲಿನಲ್ಲಿ ತಳವಾರ ಕಾಮಿದೇವಯ್ಯನಿದ್ದಾನೆ, ಸುಂಕದ ಬಂಕಣ್ಣನಿದ್ದಾನೆ. ಊರು ಕಾಯುವುದು, ಸುಂಕ ವಸೂಲಿ ಮಾಡುವುದು ಕೂಡ ಕಾಯಕವೇ ಆಗಿದ್ದ ಪರಂಪರೆ ನಮ್ಮದು. ಇವತ್ತು ದೇಶದ ಬಾಗಿಲಲ್ಲಿ ಈ ಎರಡು ಕೆಲಸ ಬೇರೆಬೇರೆಯಾಗುತ್ತಿವೆ. ಗುರುತಿನ ಕೆಲಸ ಯಂತ್ರಕ್ಕೆ ಹೋಗುತ್ತಿದೆ. ಪರಿಚಯದ ಕೆಲಸ ಯಾರ ಪಾಲಿಗೂ ಬರುತ್ತಿಲ್ಲ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2025ರ ಜನವರಿ 16ರಿಂದ ಇ-ಗೇಟ್‌ಗಳಿವೆ. ದೆಹಲಿಯಲ್ಲಿ 2024ರ ಜೂನ್‌ನಲ್ಲಿ ಶುರುವಾದ ಕೇಂದ್ರ ಗೃಹ ಸಚಿವಾಲಯದ ಯೋಜನೆ ಇದು. ಭಾರತೀಯ ನಾಗರಿಕರು, ಸಾಗರೋತ್ತರ ಭಾರತೀಯರ ಓಸಿಐ ಕಾರ್ಡ್ ಇರುವವರು ಮೊದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಬೆರಳಚ್ಚು, ಮುಖದ ಚಿತ್ರ ಕೊಟ್ಟಿದ್ದರೆ, ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಮುಖ ತೋರಿಸಿದರೆ ಸಾಕು, ಗೇಟು ತೆರೆಯುತ್ತದೆ. ಅತ್ತ ಯುರೋಪ್ 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟ್ ಮೇಲಿನ ಠಸ್ಸೆಯ ಬದಲಿಗೆ ಕಂಪ್ಯೂಟರಿನ ಲೆಕ್ಕಕ್ಕೆ ಹೊರಳತೊಡಗಿತು. 180 ದಿನದಲ್ಲಿ 90 ದಿನ ಮೀರಿ ಉಳಿದವರು ಯಾರು ಎಂದು ಇನ್ನು ಯಂತ್ರವೇ ಎಣಿಸುತ್ತದೆ. ಹೆರಿಗೆ ಹಿಂದುಮುಂದಾಗುವುದು ಆ ಲೆಕ್ಕಕ್ಕೆ ಗೊತ್ತಿಲ್ಲ.

ಯಂತ್ರವನ್ನು ಹಳಿಯಲು ನಾನು ಕೂತಿಲ್ಲ. ಮಧ್ಯರಾತ್ರಿ ಒಂದಾದ ಮೇಲೊಂದು ವಿಮಾನ ಹೊರಡುವ ಹೊತ್ತಿಗೆ, ಮೊಣಕಾಲು ನೋವಿನ ತಾಯಂದಿರು ಸಾಲಿನಲ್ಲಿ ನಿಲ್ಲುವುದನ್ನು ನೋಡಿದವರಿಗೆ ಗೇಟಿನ ಬೆಲೆ ಗೊತ್ತು. ಬೇರೆಯವರ ಪಾಸ್‌ಪೋರ್ಟಿಗೆ ತನ್ನ ಫೋಟೊ ಅಂಟಿಸುವ ಮೋಸವನ್ನು ಪಾಸ್‌ಪೋರ್ಟಿನೊಳಗಿನ ಚಿಪ್ ಹಿಡಿಯುವಷ್ಟು ಸಲೀಸಾಗಿ ನಿದ್ದೆಗೆಟ್ಟ ಕಣ್ಣು ಹಿಡಿಯಲಾರದು. ಇನ್ನೊಂದು ಮಾತನ್ನೂ ಒಪ್ಪಬೇಕು: ಮನುಷ್ಯರು ಸೀರೆ, ಚಪ್ಪಲಿ ನೋಡಿ ಅಳೆಯುತ್ತಾರೆ. ಗೇಟು ಹಿಂದಿಯಲ್ಲಿ ಗದರುವುದಿಲ್ಲ. ಅಕ್ಕನಂಥವರಿಗೆ ಅದೊಂದು ಘನತೆಯೇ.

ನನ್ನ ತಕರಾರು ಶುರುವಾಗುವುದು ಹೆಸರಿನಲ್ಲಿ. ಈ ಯೋಜನೆ ನೋಂದಾಯಿತರನ್ನು 'ವಿಶ್ವಾಸಾರ್ಹ ಪ್ರಯಾಣಿಕ' ಎನ್ನುತ್ತದೆ. ಗೇಟು ನೋಡುವುದು ಗುರುತನ್ನು. ಕೊಡುವುದು ವಿಶ್ವಾಸದ ಪಟ್ಟ. ಗುರುತು ಸಿಕ್ಕ ಮಾತ್ರಕ್ಕೆ ನಂಬಿಕೆ ಹುಟ್ಟುತ್ತದೆಯೇ? ಗೇಟಿಗೆ ಮುನ್ನ ಹಿನ್ನೆಲೆಯ ತಪಾಸಣೆಯಿದೆ, ನಿಜ. ಆದರೆ ಯಾವ ದೋಷವೂ ದಾಖಲಾಗಿಲ್ಲ ಎಂಬುದು ಒಬ್ಬರನ್ನು ಬಲ್ಲೆ ಎಂದಂತಲ್ಲ. ಇನ್ನು, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಮೇಲೆ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಮುದ್ರೆಯಿರುತ್ತದೆ. 1983ರ ವಲಸೆ ಕಾಯ್ದೆಯಡಿ ಅಂಥವರು ಕೊಲ್ಲಿ ನಾಡೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ಏಜೆಂಟರ ಮೋಸದಿಂದ ಕಾಪಾಡಲೆಂದೇ ಮಾಡಿದ ಕಾನೂನು, ಅದು ಬೇಕು. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಆನ್‌ಲೈನ್ ಅರ್ಜಿ ತುಂಬಬಲ್ಲವನು ವಿಶ್ವಾಸಾರ್ಹ. ಶಾಲೆ ಬಿಟ್ಟು ಅಡಿಕೆ ಸುಲಿದವಳು ನಿಗಾ ಬೇಕಾದವಳು. ಅಕ್ಕನ ಪಾಸ್‌ಪೋರ್ಟಿನಲ್ಲಿ ಆ ಮುದ್ರೆ ಇದೆ. ಜರ್ಮನಿ ಆ ಪಟ್ಟಿಯಲ್ಲಿಲ್ಲ, ಅವಳು ದುಡಿಯಲು ಹೊರಟವಳೂ ಅಲ್ಲ, ಹಾಗಾಗಿ ತೊಂದರೆಯಾಗಲಿಲ್ಲ. ನಂಬಿಕೆಯನ್ನು ಓದಿನಿಂದ, ಫಾರಂ ತುಂಬುವ ಚಾಕಚಕ್ಯತೆಯಿಂದ ಅಳೆದರೆ ನಮ್ಮ ಊರುಗಳ ಅರ್ಧ ಜನ ಯಾವತ್ತೂ ನಿಧಾನದ ಸಾಲಿನಲ್ಲೇ ಇರುತ್ತಾರೆ.

ಕೊಟ್ಟ ಗುರುತು ಎಲ್ಲಿ ಹೋಗುತ್ತದೆ ಎಂಬುದು ಮತ್ತೊಂದು ಚಿಂತೆ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಎಂಬತ್ತು ದಾಟಿದ್ದವರು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆಮೇಲೆ ಬಂದ 2023ರ ದತ್ತಾಂಶ ಕಾಯ್ದೆಯ 17ನೇ ಸೆಕ್ಷನ್, ದೇಶದ ಭದ್ರತೆಯ ಹೆಸರಿನಲ್ಲಿ ಸರ್ಕಾರದ ಅಂಗಗಳಿಗೆ ವಿನಾಯಿತಿ ಕೊಡಲು ಅವಕಾಶ ಇಟ್ಟಿದೆ. ಗಡಿಯಲ್ಲಿ ಭದ್ರತೆಯ ಮಾತು ಬಾರದ ಜಾಗವೇ ಇಲ್ಲ. ಅಂದರೆ ಹಕ್ಕು ತೀರಾ ಬೇಕಾಗುವ ಕಡೆಯೇ ಅದು ತೀರಾ ತೆಳು.

ಕೇಳುವವರಿಲ್ಲದ ಗಡಿ ಹೇಗಿರುತ್ತದೆ ಎಂದು ಕನ್ನಡಿಗರಿಗೆ ಯುರೋಪ್ ಕಲಿಸಬೇಕಿಲ್ಲ. 2020ರ ಮಾರ್ಚ್‌ನಲ್ಲಿ, ಕೊರೊನಾ ಹೊತ್ತಿನಲ್ಲಿ, ಕರ್ನಾಟಕವು ಕೇರಳದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು, ಅವರಲ್ಲಿ ಎಷ್ಟೋ ಮಂದಿ ಕನ್ನಡ ಮಾತಾಡುವವರು. ಗಡಿಯ ತಲಪಾಡಿಯಿಂದ ಆಂಬುಲೆನ್ಸ್‌ಗಳು ಹಿಂತಿರುಗಿದವು, ಜೀವಗಳು ಹೋದವು. ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ಮುಟ್ಟಿದ ಮೇಲೆ ಏಪ್ರಿಲ್‌ನಲ್ಲಿ ತುರ್ತು ರೋಗಿಗಳನ್ನು ಬಿಡುವ ಕ್ರಮ ನಿಗದಿಯಾಯಿತು. ಅಲ್ಲಿ ಇದ್ದದ್ದು ಒಳಗಿನ ಗಡಿ, ತಡೆದದ್ದು ಮಣ್ಣು. ಆದರೆ ಮಣ್ಣಿನ ದಿಬ್ಬಕ್ಕೂ ಉತ್ತರಿಸದ ಗೇಟಿಗೂ ಒಂದು ವಿಷಯದಲ್ಲಿ ಭೇದವಿಲ್ಲ: ಎರಡಕ್ಕೂ ಕಷ್ಟ ಹೇಳಿಕೊಳ್ಳಲಾಗದು. ಯಂತ್ರ ಒಂದು ಸಾವಿರ ಮಂದಿಯನ್ನು ಸರಿಯಾಗಿ ಬಿಟ್ಟಿತು ಎಂಬುದು, ತಪ್ಪಾಗಿ ತಡೆದ ಒಬ್ಬಳಿಗೆ ಉತ್ತರವಲ್ಲ.

ಜರ್ಮನಿಗೆ ಹೊರಟ ರಾತ್ರಿ ಅಕ್ಕ ಇ-ಗೇಟಿಗೆ ಹೋಗಲಿಲ್ಲ, ಕೌಂಟರಿನ ಸಾಲಿನಲ್ಲಿ ನಿಂತಳು. ಪಾಸ್‌ಪೋರ್ಟ್ ತಿರುವಿದ ಅಧಿಕಾರಿ ಕನ್ನಡದವನೇ ಇದ್ದನಂತೆ. "ಬಾಣಂತನಕ್ಕಾ ಅಮ್ಮ? ಅಂಟಿನುಂಡೆ ಮಾಡ್ಕೊಂಡ್ರಾ?" ಎಂದನಂತೆ. ಮೂರು ತಿಂಗಳಿಗೆ ಮರಳಿ ಬಂದವಳು ಜರ್ಮನಿಯ ಗಡಿಯಲ್ಲಿ ಮುಖದ ಚಿತ್ರ ಹಿಡಿದ ಕ್ಯಾಮೆರಾದ ಬಗ್ಗೆ ಒಂದು ಮಾತೂ ಆಡಲಿಲ್ಲ, ಈ ಮಾತನ್ನು ಮಾತ್ರ ಇಡೀ ಬೀದಿಗೆ ಹೇಳಿದಳು.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ 2025ರಲ್ಲಿ ಕೇಂದ್ರದ ತಂಡ ನೋಡಿ ಹೋದ ಜಾಗಗಳಲ್ಲಿ ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿದೆ. ಅದು ಅಲ್ಲೇ ಬಂದರೆ ತುಮಕೂರು, ಗುಬ್ಬಿ, ಕುಣಿಗಲ್‌ನವರಿಗೆ ದೇಶದ ಬಾಗಿಲು ಮನೆ ಹತ್ತಿರವೇ ಬಂದಂತೆ. ಎಷ್ಟು ಇ-ಗೇಟ್ ಬೇಕು ಎಂದು ಲೆಕ್ಕ ಹಾಕುವವರು ಹೇಗೂ ಇರುತ್ತಾರೆ. ನಾನು ಕೇಳುವುದು, ಆ ಗೇಟುಗಳ ಪಕ್ಕದಲ್ಲೇ ಒಂದು ಮೇಜು, ಎರಡು ಕುರ್ಚಿ, ಕನ್ನಡ ಬಲ್ಲ ಒಬ್ಬ ಅಧಿಕಾರಿ. ಗೇಟು ತಡೆದವರ ಮಾತು ಕೇಳಿ, ವಿಚಾರಿಸಿ, ಸರಿಯಿದ್ದರೆ ಬಿಡುವ ಅಧಿಕಾರ ಆತನ ಕೈಯಲ್ಲಿರಬೇಕು. ಬಿಡದಿದ್ದರೆ ಕಾರಣ ಬರೆದುಕೊಡಬೇಕು, ಅಕ್ಕ ಓದಬಲ್ಲ ಅಕ್ಷರದಲ್ಲಿ.