ಓದುವವರ ಮುಖ

ಶ್ರಾವಣ ಬಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಗುಡಿ-ಮಠಗಳಲ್ಲಿ ರಾತ್ರಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ರೊಟ್ಟಿ ಬಡಿದಿಟ್ಟು ಬಂದ ಹೆಂಗಸರು, ಕಂಬಕ್ಕೆ ಬೆನ್ನು ಕೊಟ್ಟು ಕೂತ ಮುದುಕರು, ಅವರ ತೊಡೆಯ ಮೇಲೆ ಮೊಮ್ಮಕ್ಕಳು. ಷಟ್ಪದಿಯ ಮಾತು ಆ ಮಕ್ಕಳಿಗೆ ಎಲ್ಲಿ ತಿಳಿಯಬೇಕು? ಅವು ನೋಡುವುದು ಅಜ್ಜಿಯ ಮುಖವನ್ನು. ಅಜ್ಜಿ ಒಮ್ಮೆ ನಗುತ್ತಾಳೆ, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಎದುರಿಗೆ ಯಾರೂ ಅವಳನ್ನು ನಗಿಸಿಲ್ಲ, ಯಾರೂ ಬೈದಿಲ್ಲ. ವ್ಯಾಸಪೀಠದ ಮೇಲೆ ಒಂದು ಪುಸ್ತಕ ತೆರೆದಿದೆ, ಅಷ್ಟೇ.

ಮಗುವಿಗೆ ಪುಸ್ತಕದ ಬಗ್ಗೆ ಹುಟ್ಟುವ ಮೊದಲ ಬೆರಗು ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಕಥೆ ಆಮೇಲಿನದು. ಮಳೆಗಾಲದಲ್ಲಿ ಗೋಕಾಕ ಜಲಪಾತದ ಹತ್ತಿರ ನಿಂತು ನೋಡಿ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವಾಗ ಅಪ್ಪನ ಹೆಗಲ ಮೇಲಿನ ಕೂಸು ಮೊದಲು ಬಗ್ಗಿ ಅಪ್ಪನ ಮುಖ ನೋಡುತ್ತದೆ. ಅಲ್ಲಿ ಅಂಜಿಕೆ ಇದೆಯೋ ಖುಷಿ ಇದೆಯೋ ಎಂದು ಹುಡುಕಿ, ಆಮೇಲೆ ನೀರಿನ ಕಡೆ ತಿರುಗುತ್ತದೆ. ಪುಸ್ತಕದ ಕಡೆಗೂ ಮಕ್ಕಳು ತಿರುಗುವುದು ದೊಡ್ಡವರ ಮುಖದ ದಾರಿಯಿಂದಲೇ.

ಈ ನೆಲದಲ್ಲಿ ಓದು ಬಹುಕಾಲ ಗುಟ್ಟಿನ ಕೆಲಸವಾಗಿರಲಿಲ್ಲ. ಅದು ಹತ್ತು ಜನರ ನಡುವೆ, ದನಿಯೆತ್ತಿ ನಡೆಯುತ್ತಿತ್ತು. ಅಪರಾಳ ತಮ್ಮಣ್ಣನ ಕೃಷ್ಣಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ ಈಗಿನ ಮೂಡಲಗಿ ತಾಲೂಕಿನವನು. ಬರೆದ ಕಾವ್ಯ ಅಂಗಳಕ್ಕೆ ಇಳಿದು, ಅಕ್ಷರ ಬಲ್ಲವರನ್ನೂ ಬಾರದವರನ್ನೂ ಬೆಳತನಕ ನಿದ್ದೆಗೆಡಿಸಿತು. ಇಂಥ ಹಾಡು, ಆಟಗಳ ಸೀಮೆಯ ಘೋಡಗೇರಿಯಲ್ಲಿ 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು. ಓದಲು ಗೋಕಾಕಕ್ಕೆ ಬಂದರು. ಬಡತನದಿಂದ ಶಾಲೆ ಬಿಡುವ ಹೊತ್ತು ಬಂದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ಓದಿನ ಭಾರ ಹೊತ್ತರು. ಗೋಕಾಕದ ಹೈಸ್ಕೂಲಿನಲ್ಲಿ ಆಗ ಮಾಸ್ತರರಾಗಿದ್ದವರು ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು, ಮುಂದೆ ಸಿನಿಮಾ ಆದ ‘ಕುಲವಧು’ವನ್ನು ಬರೆದವರು. ಪಾಠ ಹೇಳುವ ಮಾಸ್ತರರೇ ಮನೆಗೆ ಹೋಗಿ ಕಾದಂಬರಿ ಬರೆಯುತ್ತಾರೆ ಎಂಬುದು ಹಳ್ಳಿಯಿಂದ ಬಂದ ಹುಡುಗನಿಗೆ ಏನಾಗಿ ಕಂಡಿರಬಹುದು! ಪುಸ್ತಕ ಎಂಬುದು ಎಲ್ಲೋ ದೂರದವರ ಸೊತ್ತು ಎಂಬ ಭಾವ ಆ ಕ್ಷಣಕ್ಕೇ ಕರಗಿರಬೇಕು. ಆ ಹುಡುಗನಿಗೆ ಮುಂದೆ 2010ನೇ ಸಾಲಿನ ಜ್ಞಾನಪೀಠ ಬಂತು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಓದು ಬಾರದ ಹಿರಿಯರ ಹತ್ತಿರ. ಮಕ್ಕಳಲ್ಲಿ ಓದಿನ ಪ್ರೀತಿ ಹುಟ್ಟಬೇಕಾದರೆ ತಾಯಿ-ತಂದೆ ಓದಿದವರೇ ಆಗಿರಬೇಕು ಎಂದು ನಾವು ತಿಳಿದುಬಿಟ್ಟಿದ್ದೇವೆ. ಹಾಗಾದರೆ ಶಾಲೆಯ ಮೆಟ್ಟಿಲು ಹತ್ತದ ಅಷ್ಟೊಂದು ಮನೆಗಳಿಂದ ಓದುವ ಮಕ್ಕಳು ಹೇಗೆ ಬಂದರು? ‘ಓದೋ ತಮ್ಮಾ, ಮುಂದ ಏನ್ ಬರದಾರ?’ ಎಂದು ಕೇಳುವ ಅಜ್ಜಿ ಎದುರಿಗೆ ಕೂತಿದ್ದಳಲ್ಲ. ಮೂರನೆಯ ಇಯತ್ತೆಯ ಹುಡುಗ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರೆ ಅವಳು ಸೋಸುತ್ತಿದ್ದ ಕಾಳು ಬಿಟ್ಟು ಕೇಳುತ್ತಾಳೆ. ಅವನು ತಡವರಿಸಿದರೆ ಕಾಯುತ್ತಾಳೆ. ಅವಳಿಗೆ ಬೇಕಾದದ್ದು ಆ ಕಾಗದದೊಳಗಿದೆ, ಅದನ್ನು ತೆಗೆದುಕೊಡಬಲ್ಲವನು ತಾನೊಬ್ಬನೇ ಎಂದು ಆ ಪೋರನಿಗೆ ಗೊತ್ತಾಗುತ್ತದೆ. ಯಾವ ಬಹುಮಾನ ಇದಕ್ಕೆ ಸಮ? ಕೇಳುವವರ ಹಸಿವೂ ಓದನ್ನು ಕಲಿಸುತ್ತದೆ. ಎಷ್ಟೋ ಸಲ ಅದೇ ಹೆಚ್ಚು ಕಲಿಸುತ್ತದೆ.

ಈಗ ಓದು ಸದ್ದಿಲ್ಲದ್ದಾಗಿದೆ. ಅಪ್ಪ ಮೊಬೈಲಿನಲ್ಲಿ ಒಳ್ಳೆಯ ಲೇಖನವನ್ನೇ ಓದುತ್ತಿರಬಹುದು. ಮಗುವಿನ ಕಣ್ಣಿಗೆ ಅದೂ ಒಂದೇ, ರೀಲ್ಸ್ ತಿಕ್ಕುವುದೂ ಒಂದೇ. ಇದು ಅಪ್ಪನ ತಪ್ಪೇನಲ್ಲ, ಆದರೂ ನನಗೆ ಸಂಕಟವಾಗುತ್ತದೆ. ಓದುತ್ತ ತಾನಾಗಿ ನಕ್ಕಾಗ ‘ಏನಪ್ಪಾ?’ ಎಂದು ಕೂಸು ಕೇಳಿದರೆ, ಆ ಸಾಲನ್ನು ಅದಕ್ಕೆ ಓದಿ ಹೇಳಲು ಅರ್ಧ ನಿಮಿಷ ಸಾಕು.

ರಾಜ್ಯದಲ್ಲಿ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಭಿಯಾನ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಈಗ ಅವುಗಳ ಹೆಸರು ಅರಿವು ಕೇಂದ್ರ. ಮಕ್ಕಳನ್ನು ಅಲ್ಲಿಗೆ ಕಳಿಸುವ ಹಿರಿಯರು ತಾವೂ ಜೊತೆಗೆ ಹೋಗಿ, ತಮಗೆ ಬೇಕಾದ ಪುಸ್ತಕ ಹಿಡಿದು ಅದೇ ಬೆಂಚಿನ ಮೇಲೆ ಕೂರಬೇಕೆಂಬುದು ನನ್ನ ಆಸೆ. ಓದಲು ಬಾರದವರಿಗೂ ಅಲ್ಲಿ ಜಾಗ ಇರಲಿ. ಮೊಮ್ಮಗಳ ಪಕ್ಕ ಕೂತು ಮುಂದೇನಾಯಿತೆಂದು ಕೇಳುವುದು ಅವರಿಗೆ ಬಂದೇ ಬರುತ್ತದೆ.