ತಾತನ ಹನ್ನೆರಡು ತೋಟಾ

ಕೊಟ್ಟಿಗೆಯ ಅಟ್ಟದಿಂದ ಚಿಕ್ಕಪ್ಪ ಇಳಿಸಿದ ಬಿಸ್ಕತ್ತಿನ ಡಬ್ಬದಲ್ಲಿ ಹನ್ನೆರಡು ಖಾಲಿ ತೋಟಾಗಳಿದ್ದವು. ತಾತನ ಕೋವಿಯವು, ಅಪ್ಪಟ ಹಿತ್ತಾಳೆ. ಈಗ ಅಂಗಡಿಯಲ್ಲಿ ಸಿಗೋದು ಪ್ಲಾಸ್ಟಿಕ್ ಮೈಯವು, ಒಂದು ಸಲ ಹೊಡೆದರೆ ಬಿಸಾಕೋದೇ. ಹಿತ್ತಾಳೆಯವನ್ನು ತಾತ ಮತ್ತೆ ಮತ್ತೆ ತುಂಬಿಸಿ ಬಳಸುತ್ತಿದ್ದರು. ಆದರೆ ಇವು ಕಪ್ಪಾಗಿ, ಬುಡದಲ್ಲಿ ಹಸಿರು ಕಿಲುಬು ಕಟ್ಟಿ, ಯಾವ ಲೋಹ ಅಂತಲೇ ಗೊತ್ತಾಗುತ್ತಿರಲಿಲ್ಲ.

‘ನೀನು ಇಂಜಿನಿಯರ್ ಅಲ್ವೇನ್ಲಾ ಮಗಾ, ಇವನ್ನ ಬೆಳಗಿ ನೋಡು. ಯಾವ್ದು ತುಂಬ್ಸೋಕಾಯ್ತದೆ, ಯಾವ್ದು ಆಗಲ್ಲ ಅಂತ ಹೇಳು’ ಅಂದರು ಚಿಕ್ಕಪ್ಪ. ನಾನು ಸಾಫ್ಟ್‌ವೇರ್‌ನವನು ಅಂತ ಹೇಳಿ ಪ್ರಯೋಜನವಿಲ್ಲ. ಊರಲ್ಲಿ ಇಂಜಿನಿಯರ್ ಅಂದರೆ ಪಂಪ್‌ಸೆಟ್ಟಿನಿಂದ ಟಿವಿ ರಿಮೋಟಿನವರೆಗೆ ಎಲ್ಲ ಬಲ್ಲವನು.

ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿದೆ. ಹಿಂದಿನ ವಾರ ಒಂದೇ ರಾತ್ರಿ ಕಾಡುಹಂದಿಗಳ ಹಿಂಡು ಚಿಕ್ಕಪ್ಪನ ಮುಸುಕಿನ ಜೋಳವನ್ನು ನೆಲಕ್ಕೆ ಮಲಗಿಸಿತ್ತು. ಕೋವಿಗೆ ಲೈಸೆನ್ಸ್ ಇದೆ, ಬೆಳೆ ಕಾಯೋಕೆ ಕೊಟ್ಟದ್ದು. ಪ್ರತಿ ಎಲೆಕ್ಷನ್ನಿಗೂ ತಪ್ಪದೆ ಠಾಣೆಗೆ ಜಮಾ ಆಗಿ ವಾಪಸ್ ಬರುತ್ತದೆ. ‘ಹೆದರ್ಸೋಕೆ ಅಷ್ಟೇ’ ಅಂತಾರೆ ಚಿಕ್ಕಪ್ಪ. ಆ ‘ಅಷ್ಟೇ’ಯನ್ನು ನಾನೂ ಪೂರ್ತಿ ನಂಬಲ್ಲ, ಅವರೂ ನಂಬಲ್ಲ.

ಕೇಪುಗಳೆಲ್ಲ ಸಿಡಿದು ಹಳತಾದವೇ ಅಂತ ಮೊದಲು ಖಾತ್ರಿ ಮಾಡಿಕೊಂಡೆ. ಆಮೇಲೆ ಬಚ್ಚಲ ಬಳಿ ಕೂತು, ಬಿಸಿನೀರಲ್ಲಿ ಹುಣಸೆಹಣ್ಣು ಕಿವುಚಿ, ಉಪ್ಪು ಹಾಕಿ ನೆನೆಸಿದೆ. ರಾತ್ರಿಯಿಡೀ ಬಿಡೋಣ ಅಂತಿದ್ದೆ, ಅಜ್ಜಿ ಬಿಡಲಿಲ್ಲ. ‘ಹುಳಿ ಹಚ್ಚಿ ಮರ್ತು ಕೂತ್ರೆ ಪಾತ್ರೇನೇ ತಿಂದುಬಿಡ್ತದೆ.’ ಅಜ್ಜಿ ಹೇಳಿದ್ದು ಅಕ್ಷರಶಃ ಕೆಮಿಸ್ಟ್ರಿ. ತೋಟಾ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಹುಳಿ ಅತಿಯಾದರೆ ಸತು ಕರಗಿ ಹೋಗಿ, ಗುಲಾಬಿ ಬಣ್ಣದ ಬಡಕಲು ತಾಮ್ರ ಉಳಿಯುತ್ತದೆ. ನೋಡೋಕೆ ಚಂದ, ಒಳಗೆ ಸತ್ವ ಇರಲ್ಲ. ಹಾಗಾಗಿ ಸ್ವಲ್ಪ ಹೊತ್ತು ನೆನೆಸೋದು, ಬೂದಿ ಹಾಕಿ ತೆಂಗಿನ ನಾರಲ್ಲಿ ಉಜ್ಜೋದು, ತೊಳೆಯೋದು, ಮತ್ತೆ ನೆನೆಸೋದು. ಮಧ್ಯಾಹ್ನದ ಹೊತ್ತಿಗೆ ಹಳದಿ ಕಾಣಿಸಿತು.

ಅದರ ಜೊತೆಗೇ ಬಿರುಕೂ ಕಾಣಿಸಿತು. ಮೂರು ತೋಟಾಗಳ ಬಾಯಿಂದ ಕೆಳಕ್ಕೆ ಕೂದಲೆಳೆಯಷ್ಟು ಸಣ್ಣ ಸೀಳು. ಇದರ ಕಥೆ ಹಳೆಯದು. ಬ್ರಿಟಿಷರ ಸೈನ್ಯ ಭಾರತದಲ್ಲಿ ಮಳೆಗಾಲಕ್ಕೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು, ಅವು ತಮ್ಮಷ್ಟಕ್ಕೇ ಬಿರಿಯುತ್ತಿದ್ದವು. ಕುದುರೆ ಗಂಜಳದ ಅಮೋನಿಯಾ ಮತ್ತು ಹಿತ್ತಾಳೆಯನ್ನು ಎಳೆದು ರೂಪಿಸುವಾಗ ಒಳಗೇ ಉಳಿದ ಬಿಗಿತ, ಎರಡೂ ಸೇರಿ ಹೀಗಾಗುತ್ತದೆ ಅಂತ ಲೋಹವಿಜ್ಞಾನಿಗಳು ಬಿಡಿಸಿ ಹೇಳಿದ್ದು 1921ರಲ್ಲಿ. ನಮ್ಮ ಡಬ್ಬ ಇದ್ದದ್ದೂ ದನದ ಕೊಟ್ಟಿಗೆಯ ಮೇಲೆ! ಇನ್ನೆರಡರಲ್ಲಿ ಅಲ್ಲಲ್ಲಿ ಗುಲಾಬಿ ಕಲೆ. ಅಂದರೆ ಐದು ಕೆಟ್ಟವು, ಏಳು ಗಟ್ಟಿ.

ಯೋಚನೆ ಶುರುವಾಗಿದ್ದು ಇಲ್ಲಿ. ‘ಹನ್ನೆರಡೂ ಬಿರಿದಿವೆ ಚಿಕ್ಕಪ್ಪ’ ಅಂದುಬಿಟ್ಟರೆ? ಅವರು ನಂಬುತ್ತಾರೆ, ನಾನು ಓದಿದವನು. ಒಂದು ಸುಳ್ಳಿಗೆ ಒಂದೆರಡು ಪ್ರಾಣ ಉಳಿದರೆ ಅದು ಪಾಪವೇ?

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಸ್ಕೂಲ್ ಟ್ರಿಪ್ ಹೋಗದ ಹಾಸನದ ಹುಡುಗರಿಲ್ಲ. ಅಲ್ಲಿನ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಗಂಗರ ಸೇನಾಪತಿ, ಕತ್ತಿ ಹಿಡಿದವನು. ಜೈನರು ಹಿಂಸೆಯನ್ನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಅಂತ ಮೂರಾಗಿ ನೋಡುತ್ತಾರೆ: ಕೃತ, ಕಾರಿತ, ಅನುಮತ. ಆಫೀಸಲ್ಲಿ ನಾವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡೋದು ಮೊದಲನೆಯದನ್ನಷ್ಟೇ ಲೆಕ್ಕ ಹಿಡಿದು. ನಾನು ಬರೆದದ್ದು ಒಂದು ಮಾಡ್ಯೂಲ್, ಅದನ್ನ ಯಾರು ಯಾತಕ್ಕೆ ಬಳಸ್ತಾರೋ ನನಗೇನು ಗೊತ್ತು ಅಂತ. ತೋಟಾ ಉಜ್ಜಿದವನಿಗೆ ಹಾಗನ್ನೋಕೆ ಬಾಯಿ ಬರಲಿಲ್ಲ.

ಆದರೆ ನಾನು ಸುಳ್ಳು ಹೇಳಿದರೂ ಹಂದಿ ಉಳಿಯುತ್ತಿರಲಿಲ್ಲ. ಚಿಕ್ಕಪ್ಪ ಹಾಸನಕ್ಕೆ ಹೋಗಿ ಪ್ಲಾಸ್ಟಿಕ್ ತೋಟಾ ತರುತ್ತಿದ್ದರು, ಅಷ್ಟೇ. ಉಳಿಯುತ್ತಿದ್ದದ್ದು ನನ್ನ ಕೈ ಮಾತ್ರ. ಅದೂ ಎಲ್ಲಿ ಶುದ್ಧವಾಗಿತ್ತು? ನನ್ನ ಬಿಇ ಫೀಸು ಕಟ್ಟಿದ್ದು ಇದೇ ಹೊಲದ ಆಲೂಗಡ್ಡೆ. ಆ ಹೊಲವನ್ನು ಅಟ್ಟಣೆ ಮೇಲೆ ಕೂತು ಕಾದದ್ದು ತಾತ, ಆಮೇಲೆ ಅಪ್ಪ, ಇದೇ ಕೋವಿ ಹಿಡಿದು. ಮೊದಲ ಸೆಮಿಸ್ಟರಿನಿಂದಲೇ ನಾನು ಅನುಮತ ಕೊಟ್ಟಾಗಿತ್ತು, ರಸೀದಿ ಸಮೇತ. ಈಗ ಮೂವತ್ತು ದಾಟಿದ ಮೇಲೆ, ಜೋಳ ಕಳಕೊಂಡ ಮನುಷ್ಯನ ಮುಂದೆ ಕೂತು, ಅವರದೇ ದುಡ್ಡಲ್ಲಿ ಕಲಿತ ವಿದ್ಯೆಯಿಂದ ಅವರಿಗೇ ಸುಳ್ಳು ಹೇಳೋದು ಅಹಿಂಸೆ ಅಂತ ನನಗೆ ಅನ್ನಿಸಲಿಲ್ಲ. ಇದು ಸರಿಯಾದ ಉತ್ತರ ಅಂತ ವಾದಿಸಲ್ಲ. ಹಂದಿಯ ಕಡೆಯಿಂದ ಯಾರಾದರೂ ಕೇಳಿದರೆ ನನ್ನ ಹತ್ತಿರ ಮಾತಿಲ್ಲ.

‘ಏಳು ಆಗುತ್ತೆ ಚಿಕ್ಕಪ್ಪ. ಈ ಐದು ಬೇಡ, ಹೊಡೆಯುವಾಗ ಮುಖಕ್ಕೆ ಬರಬಹುದು’ ಅಂದೆ. ಅವರು ಒಂದೊಂದನ್ನೂ ಬಿಸಿಲಿಗೆ ಹಿಡಿದು ಸೀಳು ಹುಡುಕಿದರು. ‘ನಿಮ್ ತಾತ ಇದ್ದಿದ್ರೆ ಹನ್ನೆರಡೂ ತುಂಬ್ಸೋರು’ ಅಂತ ನಕ್ಕು, ಏಳನ್ನು ಪಂಚೆಯಲ್ಲಿ ಒರೆಸಿ ಡಬ್ಬಕ್ಕೆ ಹಾಕಿದರು. ಮತ್ತೆ ಅಟ್ಟಕ್ಕೆ ಏಣಿ ಹಾಕಲು ಹೊರಟವರನ್ನು ತಡೆದು, ‘ಕೊಟ್ಟಿಗೆ ಮೇಲೆ ಬೇಡ, ಬೀರುವಿನಲ್ಲಿಡಿ’ ಅಂದೆ.