ಫೋಟೋದಲ್ಲಿ ಇಲ್ಲದವರು

ಅಮೆರಿಕದ 'ಲೈಫ್' ಪತ್ರಿಕೆಯ ಮೊದಲ ಸಂಚಿಕೆ ಬಂದದ್ದು 1936ರ ನವೆಂಬರ್ 23ರಂದು. ಮುಖಪುಟದಲ್ಲಿ ಮಾರ್ಗರೆಟ್ ಬರ್ಕ್‌ವೈಟ್ ತೆಗೆದ ಫೋರ್ಟ್ ಪೆಕ್ ಅಣೆಕಟ್ಟಿನ ಚಿತ್ರ. ಕೋಟೆಯ ಬುರುಜಿನಂಥ ಕಾಂಕ್ರೀಟ್ ಕಂಬಗಳು, ಅವುಗಳ ಬುಡದಲ್ಲಿ ತೀರಾ ಸಣ್ಣಗೆ ಇಬ್ಬರು ಮನುಷ್ಯರು. ಕಟ್ಟಡ ಎಷ್ಟು ಎತ್ತರವೆಂದು ತೋರಿಸಲಷ್ಟೇ ಅವರು ಅಲ್ಲಿದ್ದಾರೆ.

ನಮ್ಮ ಮುನಿರಾಬಾದಿನ ತುಂಗಭದ್ರಾ ಡ್ಯಾಮಿನ ಚಿತ್ರದಲ್ಲಿ ಅಂಥ ಇಬ್ಬರೂ ಸಿಗುವುದಿಲ್ಲ. ಕ್ಯಾಲೆಂಡರಿನಿಂದ ಮೊಬೈಲ್ ಸ್ಟೇಟಸ್ಸಿನವರೆಗೆ ನಾವು ನೋಡುವುದು ಸಾಲಾಗಿ ನಿಂತ ಗೇಟುಗಳನ್ನು, ಅವುಗಳಿಂದ ಧುಮುಕುವ ನೊರೆನೀರನ್ನು. ಗಂಗಾವತಿಯವರಿಗೆ ಅದು ಎಡದಂಡೆ ಕಾಲುವೆ, ಭತ್ತದ ಗದ್ದೆ, ರೈಸ್‌ಮಿಲ್ಲು. ಮಳೆಯನ್ನೇ ನಂಬಿ ಬಿತ್ತುವ ಕುಷ್ಟಗಿ, ಯಲಬುರ್ಗಾದ ರೈತರಿಗೆ ಅದು ಪಕ್ಕದ ತಾಲ್ಲೂಕಿನ ನೀರು. ಹಿನ್ನೀರಿನಲ್ಲಿ ಊರನ್ನೇ ಕಳೆದುಕೊಂಡ ಮನೆತನಗಳಿಗೆ ಅದೇ ಚಿತ್ರ ಮತ್ತೇನನ್ನೋ ಹೇಳುತ್ತದೆ. ಒಂದೇ ಫೋಟೋ ಪ್ರಗತಿಯ ಗುರುತೂ ಹೌದು, ಕಳೆದುಕೊಂಡದ್ದರ ಗುರುತೂ ಹೌದು. ಆದರೆ 1945ರಲ್ಲಿ ಅಡಿಗಲ್ಲು ಬಿದ್ದಂದಿನಿಂದ 1953ರವರೆಗೆ ಅಲ್ಲಿ ಕಲ್ಲು ಒಡೆದವರು, ಗಾರೆಯ ಬುಟ್ಟಿ ಹೊತ್ತವರು ಇವುಗಳಲ್ಲಿ ಯಾವ ಅರ್ಥದೊಳಗೂ ಬರುವುದಿಲ್ಲ. ನನಗೆ ನೋವಾಗುವುದು ಇಲ್ಲಿಯೇ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮುಂದಿನ ಒಂದು ವಾರ ಪತ್ರಿಕೆಗಳಲ್ಲಿ ಡ್ಯಾಮಿನ ಬೇರೆಯದೇ ಫೋಟೋಗಳು ಬಂದವು. ಗೇಟು ಇದ್ದ ಜಾಗದಿಂದ ನುಗ್ಗುವ ನೀರು, ಮೇಲೆ ಕ್ರೇನು, ನೀರು ತಡೆಯಲು ಉಕ್ಕಿನ ತಾತ್ಕಾಲಿಕ ಗೇಟು (ಸ್ಟಾಪ್‌ಲಾಗ್) ಇಳಿಸುತ್ತಿರುವ ಕೆಲಸಗಾರರು. ಆ ಕೆಲಸಕ್ಕೆ ಮಾರ್ಗದರ್ಶನ ಮಾಡಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಮನೆಮನೆಗೆ ಗೊತ್ತಾಯಿತು. ಎಪ್ಪತ್ತು ವರ್ಷ ತಾನಾಗಿಯೇ ನಿಂತಿದೆ ಎಂದುಕೊಂಡಿದ್ದ ಯಂತ್ರವನ್ನು ಯಾರೋ ದಿನವೂ ನೋಡಿಕೊಳ್ಳಬೇಕು ಎಂಬುದು ಆ ವಾರ ಎಲ್ಲರಿಗೂ ಕಂಡಿತು. ಸಾವಿರ ಕ್ಯಾಲೆಂಡರು ಹೇಳದ ಸತ್ಯವನ್ನು ಆ ಫೋಟೋಗಳು ಹೇಳಿದವು.

ಈ ಡ್ಯಾಮಿನ ಪಕ್ಕದ ನಮ್ಮ ಕೊಪ್ಪಳ ಜಿಲ್ಲೆಯ ಎಷ್ಟೋ ಮನೆಗಳ ಟ್ರಂಕಿನಲ್ಲೂ ದುಡಿದವರನ್ನು ತೋರಿಸುವ ಹಳೆಯ ಫೋಟೋಗಳಿರಬಹುದು: ಡ್ಯಾಮಿನ ಕೆಲಸಕ್ಕೆ ಹೋದ ಅಜ್ಜಂದು, ಮಿಲ್ಲಿನ ಇಂಜಿನ್ ಪಕ್ಕ ನಿಂತ ಫಿಟ್ಟರಂದು, ಜಿನ್ನಿನಲ್ಲಿ ಹತ್ತಿ ಬಿಡಿಸಿದ ಅಮ್ಮಂದು. ದಯವಿಟ್ಟು ಅವನ್ನು ಹೊರಗೆ ತೆಗೆಯಿರಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಯಾರು, ಯಾವ ಊರು, ಏನು ಕೆಲಸ ಎಂದು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಈ ವಾರವೇ ಮಾಡಿ.